ಬಂದವರು ಮೊದಲು ಇಳಿಯಲಿ

ಮಂಗಳೂರಿನ ಕೊಡಿಯಾಲ್‌ಬೈಲಿನ ನಮ್ಮ ಫ್ಲ್ಯಾಟಿನ ಹಾಲ್‌ನಲ್ಲಿ ಸೋಫಾ ಹಾಕಿದರೆ ಊಟದ ಮೇಜಿಗೆ ಜಾಗವಿಲ್ಲ, ಮೇಜು ಹಾಕಿದರೆ ನೆಂಟರು ಬಾಗಿಲಲ್ಲೇ ನಿಲ್ಲಬೇಕು. ಅಂಥ ಮನೆಯಿಂದ ಪ್ರತಿ ಶನಿವಾರ ಮಧ್ಯಾಹ್ನ ನಾಲ್ಕು ವಿಮಾನಗಳು ಹಾರುತ್ತವೆ ಎಂದು ಹೇಳಿದರೆ ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ‘ಪಾಪ’ ಎನ್ನುವ ಹಾಗೆ ನನ್ನ ಗಂಡನ ಮುಖ ನೋಡುತ್ತಾರೆ. ನೋಡಲಿ. ಈ ಊರಿನಲ್ಲಿ ದೊಡ್ಡ ಮನೆ ಇರುವವರು ಬೇಕಾದಷ್ಟು ಜನ ಇದ್ದಾರೆ. ಸ್ವಂತ ಆಕಾಶ ಇರುವ ಮನೆ ನನಗೆ ಗೊತ್ತಿದ್ದಂತೆ ನಮ್ಮದೊಂದೇ.

ಬಿಡಿಸಿ ಹೇಳುತ್ತೇನೆ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟ ಒಂದಿದೆ, ಫ್ಲೈಟ್ ಸಿಮ್ಯುಲೇಟರ್ ಎನ್ನುತ್ತಾರೆ. ಆಟ ಎಂದರೆ ನನಗೆ ಸಿಟ್ಟು ಬರುತ್ತದೆ, ಆದರೂ ಸದ್ಯಕ್ಕೆ ಹಾಗೆಯೇ ಇರಲಿ. ನಿಜವಾದ ವಿಮಾನದಲ್ಲಿರುವ ಮುಳ್ಳು, ಗುಂಡಿ, ಹಿಡಿಕೆಗಳೆಲ್ಲ ಅದರಲ್ಲೂ ಇವೆ. ನಿಜವಾದ ಊರು, ನದಿ, ಗುಡ್ಡಗಳೂ ಇವೆ. ಒಬ್ಬರೇ ಹಾರಿಸುವುದು ಸುಲಭ. ಬೇರೆ ಬೇರೆ ಊರಲ್ಲಿ ಕೂತವರು ಒಂದೇ ಆಕಾಶದಲ್ಲಿ ಜೊತೆಯಾಗಿ ಹಾರಬೇಕಾದರೆ ಯಾರಾದರೊಬ್ಬರು ತಮ್ಮ ಕಂಪ್ಯೂಟರನ್ನು ಎಲ್ಲರಿಗೂ ತೆರೆದಿಡಬೇಕು. ಅವರೇ ಹೋಸ್ಟ್. ಗಾಳಿ ಎತ್ತ ಬೀಸಬೇಕು, ಮೋಡ ಎಷ್ಟಿರಬೇಕು, ಯಾರು ಯಾವಾಗ ಇಳಿಯಬೇಕು ಎಂಬುದೆಲ್ಲ ಅವರ ಮಾತು. ಅವರ ಕಂಪ್ಯೂಟರ್ ಕೈಕೊಟ್ಟರೆ ಎಲ್ಲರ ಆಕಾಶವೂ ಒಟ್ಟಿಗೇ ಮಾಯ. ನಮ್ಮ ಗುಂಪಿನಲ್ಲಿ ಆ ಹೋಸ್ಟ್ ನಾನು.

ಅತ್ತಾವರದ ಒಂದು ಆಸ್ಪತ್ರೆಯಲ್ಲಿ ನಾನು ವಾರ್ಡ್ ನೋಡಿಕೊಳ್ಳುವ ನರ್ಸ್. ನನ್ನ ಸಿಟ್ಟಿಗೆ ಅಲ್ಲಿ ಹೆಸರಿದೆ. ನಾನು ಬರುವ ಸದ್ದು ಕೇಳಿದರೆ ರೋಗಿಯ ಮಂಚದ ಮೇಲೆ ಕೂತ ನೆಂಟರು ತಾವಾಗಿಯೇ ಏಳುತ್ತಾರೆ. ಸೋಲುವುದು ನನಗೆ ಒಗ್ಗುವುದಿಲ್ಲ. ಇದೆಲ್ಲ ಶುರುವಾದದ್ದೂ ಅದರಿಂದಲೇ. ನನ್ನ ನಾದಿನಿ, ಅಂದರೆ ಗಂಡನ ತಂಗಿ, ಮಸ್ಕತ್‌ನಲ್ಲಿ ನರ್ಸ್. ಒಮ್ಮೆ ರಜೆಗೆ ಬಂದಾಗ ಲ್ಯಾಪ್‌ಟಾಪಿನಲ್ಲಿ ವಿಮಾನ ಹಾರಿಸುತ್ತಾ ಕೂತಿದ್ದಳು. ನಾನು ಹಿಂದೆ ನಿಂತು ನೋಡಿದ್ದಕ್ಕೆ, “ಅತ್ತಿಗೆ, ಇದು ನಿಮ್ಮಿಂದ ಆಗ್ಲಿಕ್ಕಿಲ್ಲ” ಎಂದಳು. ಅಷ್ಟು ಸಾಕಾಯಿತು. ಅವಳು ರಜೆ ಮುಗಿಸಿ ವಾಪಸು ಹೋಗುವ ಮೊದಲೇ ನಾನು ಅವಳಿಗಿಂತ ಮೆತ್ತಗೆ ನೆಲ ಮುಟ್ಟಿಸುತ್ತಿದ್ದೆ.

ಹೋಸ್ಟ್ ಆದದ್ದು ಆಮೇಲಿನ ಮಾತು. ಹೊರಗಿನವರು ನಮ್ಮ ಕಂಪ್ಯೂಟರಿಗೆ ಬರಬೇಕಾದರೆ ಇಂಟರ್ನೆಟ್‌ನ ರೂಟರ್‌ನಲ್ಲಿ ಒಂದು ಬಾಗಿಲು ತೆರೆದಿಡಬೇಕು, ಅದೂ ಬೇಕಾದವರಿಗೆ ಮಾತ್ರ ತೆರೆಯುವ ಹಾಗೆ. ನನ್ನ ಗಂಡ ಇನ್ಶೂರೆನ್ಸ್ ಏಜೆಂಟ್. “ನಿನಗೆ ಇದೆಲ್ಲ ಎಂತಕ್ಕೆ ಮಾರಾಯ್ತಿ? ನೆಟ್ ಹಾಳಾದ್ರೆ ನನ್ನ ಕೆಲಸ ನಿಲ್ತದೆ” ಎಂದು ಗೊಣಗಿದರು. ಮಗುವಿನ ಕೈಯಲ್ಲಿ ಕೂದಲೆಳೆಯಂಥ ನರ ಹುಡುಕಿ ಸೂಜಿ ಹಾಕುವವಳಿಗೆ ಒಂದು ರೂಟರ್ ಯಾವ ಲೆಕ್ಕ? ಓದಿದೆ, ತಪ್ಪು ಮಾಡಿದೆ, ಮನೆಮಂದಿಯಿಂದ ಬೈಸಿಕೊಂಡೆ, ಮತ್ತೆ ಮಾಡಿದೆ. ಕೊನೆಗೊಂದು ಶನಿವಾರ ಪರದೆಯ ಬಲತುದಿಯಲ್ಲಿ ಚಿಕ್ಕ ಬಿಳಿ ವಿಮಾನವೊಂದು ಕಾಣಿಸಿಕೊಂಡಿತು. ಮಸ್ಕತ್‌ನಲ್ಲಿ ಕೂತವಳು ನನ್ನ ರೆಕ್ಕೆಯ ಪಕ್ಕದಲ್ಲಿ ಹಾರುತ್ತಿದ್ದಳು. ಅಷ್ಟು ಹೆಮ್ಮೆ ನನಗೆ ನರ್ಸಿಂಗ್ ಪಾಸಾದ ದಿನವೂ ಆಗಿರಲಿಲ್ಲ.

ಆಮೇಲೆ ಇನ್ನಿಬ್ಬರು ಸೇರಿಕೊಂಡರು. ಉಳ್ಳಾಲದಲ್ಲಿ ಪಾತ್ರೆ ಅಂಗಡಿ ಇರುವ ಬ್ಯಾರಿ ಸಾಹೇಬರೊಬ್ಬರು. ತಾಯಿಯನ್ನು ನಮ್ಮ ವಾರ್ಡಿಗೆ ಸೇರಿಸಿದ್ದಾಗ ಪರಿಚಯವಾದವರು, ಮಧ್ಯಾಹ್ನ ವ್ಯಾಪಾರ ತಣ್ಣಗಿರುವ ಹೊತ್ತಿನಲ್ಲಿ ಅಂಗಡಿಯ ಹಿಂದಿನ ಕೋಣೆಯಿಂದ ಹಾರುತ್ತಾರೆ. ಇನ್ನೊಬ್ಬರು ಅತ್ತಾವರದ ಹಲ್ಲಿನ ಡಾಕ್ಟರು. ಸಾಹೇಬರ ಮನೆಮಾತು ಬ್ಯಾರಿ, ಡಾಕ್ಟರರದು ತುಳು, ನಮ್ಮದು ಕೊಂಕಣಿ. ಹಾಗಾಗಿ ನಮ್ಮ ಆಕಾಶದಲ್ಲಿ ಕನ್ನಡ. ಮಾತುಕತೆಗೆ ಎಲ್ಲರೂ ಮೊಬೈಲಿನಲ್ಲಿ ಒಂದೇ ಕರೆಯಲ್ಲಿ ಸೇರಿಕೊಳ್ಳುತ್ತೇವೆ. ಹರಟೆ ಜಾಸ್ತಿಯಾದರೆ ನಾನು ವಾರ್ಡಿನ ಸ್ವರ ತೆಗೆಯುತ್ತೇನೆ, ಎಲ್ಲರೂ ಸುಮ್ಮನಾಗುತ್ತಾರೆ.

ನನ್ನದೊಂದು ನಿಯಮವಿದೆ: ಬಂದವರೆಲ್ಲ ಮೊದಲು ಇಳಿಯಬೇಕು, ಹೋಸ್ಟ್ ಕೊನೆಗೆ. ಇದನ್ನು ನಾನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ, ಅತ್ತೆಯಿಂದ ಕಲಿತದ್ದು. ಅವರನ್ನು ನಾನು ಕರೆಯುವುದು ಮಾಂಯ್ ಎಂದು. ನಮ್ಮ ಮನೆಯಲ್ಲಿ ಊಟಕ್ಕೆ ಯಾರೇ ಬರಲಿ, ಅವರು ಉಂಡು ಕೈ ತೊಳೆಯುವವರೆಗೆ ಮಾಂಯ್ ತಟ್ಟೆ ಮುಟ್ಟಿದ್ದನ್ನು ನಾನು ನೋಡಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಹಸಿವು ತಡೆಯಲಾರದೆ ನೆಂಟರ ಜೊತೆ ಕೂತುಬಿಟ್ಟಿದ್ದೆ. ಅವರು ಒಂದು ಸಲ ನೋಡಿದರು, ಅಷ್ಟೇ. ಆ ನೋಟವನ್ನೇ ನಾನೀಗ ವಾರ್ಡಿನಲ್ಲಿ ಬಳಸುವುದು.

ಮಾಂಯ್ ಈ ಕಥೆಗೆ ಬರುವುದು ಇಲ್ಲಿಂದ. ಮಗಳ ಮಗಳಿಗೆ ಮಸ್ಕತ್‌ನಲ್ಲಿ ಮೊದಲ ಪರಮಪ್ರಸಾದದ ಹಬ್ಬ. ಮಗು ಚರ್ಚಿನಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸುವ ಆ ದಿನ ನಮ್ಮ ಕ್ರೈಸ್ತರಲ್ಲಿ ಮದುವೆ ಬಿಟ್ಟರೆ ಅತಿ ದೊಡ್ಡ ಸಂಭ್ರಮ. ಮಗುವಿಗೆ ಬಿಳಿ ಉಡುಪು, ಮನೆ ತುಂಬ ಜನ. “ಮಮ್ಮಿ ಬರ್ಲೇಬೇಕು” ಎಂದು ನಾದಿನಿ ಹಟ ಹಿಡಿದಿದ್ದಳು. ಪಾಸ್‌ಪೋರ್ಟ್ ಇತ್ತು, ವೀಸಾ ಸಿಗುತ್ತಿತ್ತು, ಗಟ್ಟಿಮುಟ್ಟಾದ ಆರೋಗ್ಯವೂ ಇತ್ತು. ಮಾಂಯ್ ಮಾತ್ರ ಜಗ್ಗಲಿಲ್ಲ.

“ನಾನು ಕಳಿಸುವವಳು ಬಾಯೆ, ಹೋಗುವವಳಲ್ಲ” ಎಂದು ನನಗೆ ಹೇಳಿದರು. ನಮ್ಮಲ್ಲಿ ಬಾಯೆ ಎಂದರೆ ಮಗಳೇ ಎಂದ ಹಾಗೆ.

ಆ ಮಾತು ಅಕ್ಷರಶಃ ನಿಜ. ಮಾವ ಬಹರೈನ್‌ನಲ್ಲಿದ್ದರು. ಆಮೇಲೆ ನನ್ನ ಗಂಡ ಹೋದರು, ನಾದಿನಿ ಹೋದಳು, ಮದುವೆಯಾದ ಮೇಲೆ ಕೆಲವು ವರ್ಷ ನಾನೂ ಹೋಗಿಬಂದೆ. ನಮ್ಮ ಕುಟುಂಬದಲ್ಲಿ ಬಜಪೆ ವಿಮಾನ ನಿಲ್ದಾಣಕ್ಕೆ ಅತಿ ಹೆಚ್ಚು ಸಲ ಹೋದವರು ಮಾಂಯ್. ಅದರ ಬಾಗಿಲು ದಾಟದವರೂ ಅವರೊಬ್ಬರೇ. ಹೊರಡುವವರು ಬಾಗಿಲ ಬಳಿ ತಲೆ ತಗ್ಗಿಸಿ, ಕೈ ಜೋಡಿಸಿ ಬೆಸಾಂವ್ ಕೇಳಬೇಕು. ಬೆಸಾಂವ್ ಎಂದರೆ ಹಿರಿಯರ ಆಶೀರ್ವಾದ. ನಮ್ಮ ಮನೆಗಳಲ್ಲಿ ಸಂಜೆಯ ಜಪಮಾಲೆ ಮುಗಿದೊಡನೆ ಕಿರಿಯರು ಹಿರಿಯರಿಂದ ಕೇಳುವುದೂ ಅದೇ, ಊರು ಬಿಡುವಾಗ ಕೇಳುವುದೂ ಅದೇ. ಮಾಂಯ್ ಹಣೆಯ ಮೇಲೆ ಹೆಬ್ಬೆರಳಿನಿಂದ ಶಿಲುಬೆ ಎಳೆದು “ದೇವ್ ಬರೆಂ ಕರುಂ” ಎನ್ನುತ್ತಾರೆ, ದೇವರು ಒಳ್ಳೆಯದು ಮಾಡಲಿ. ಆಮೇಲೆ ಉಳಿದವರನ್ನೆಲ್ಲ ಎಳೆದುಕೊಂಡು ನಿಲ್ದಾಣದ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಾರೆ. ವಿಮಾನ ಏಳುತ್ತದೆ, ಇವರು ಕೈ ಬೀಸುತ್ತಾರೆ. ಹೊಸ ಟರ್ಮಿನಲ್ ಆದ ಮೇಲೆ ರಸ್ತೆಯ ತಿರುವೊಂದರಲ್ಲಿ ಅಂಥದೇ ಇನ್ನೊಂದು ಜಾಗ ಹುಡುಕಿಕೊಂಡರು.

ನಮ್ಮ ರನ್‌ವೇ ಗುಡ್ಡದ ತಲೆ ಸವರಿ ಮಾಡಿದ್ದು, ಎರಡು ತುದಿಗೂ ಕಣಿವೆ. ಹಿಂದೊಮ್ಮೆ ಇಳಿಯುವಾಗ ವಿಮಾನವೊಂದು ಜನರ ಸಮೇತ ಆ ಕಣಿವೆಗೆ ಬಿದ್ದದ್ದನ್ನು ಈ ಊರಿನವರಿಗೆ ಯಾರೂ ನೆನಪಿಸಬೇಕಾಗಿಲ್ಲ. ನಾವು ಆ ಮಾತು ಮನೆಯಲ್ಲಿ ಎತ್ತುವುದಿಲ್ಲ. ಮಾಂಯ್‌ಗೆ ಭಯವಿತ್ತೋ, ಇಷ್ಟು ವರ್ಷ ನಿಂತ ಜಾಗ ಬಿಡಲು ಮನಸ್ಸಿರಲಿಲ್ಲವೋ, ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ಶನಿವಾರಗಳಲ್ಲಿ ಮಾಂಯ್‌ಗೆ ಒಂದೇ ಚಿಂತೆ: ಜಪಮಾಲೆಯ ಹೊತ್ತಿಗೆ ಹಾಲ್ ಖಾಲಿಯಾಗಬೇಕು. ನಮ್ಮ ಅಲ್ತಾರು, ಅಂದರೆ ಪ್ರಾರ್ಥನೆಯ ಪೀಠ, ಇರುವುದು ಕಂಪ್ಯೂಟರಿನ ಮೇಲಿನ ಗೋಡೆಯಲ್ಲಿ. “ನಿನ್ನ ವಿಮಾನ ಎಲ್ಲ ಇಳಿದಾಯ್ತಾ?” ಎಂದು ಅಡುಗೆಮನೆಯಿಂದಲೇ ಕೇಳುತ್ತಿದ್ದರು. ಒಂದು ಶನಿವಾರ ಬೇಗನೆ ಬಂದು ನನ್ನ ಹಿಂದೆ ನಿಂತರು. ನಾನು ಆಗಷ್ಟೇ ರನ್‌ವೇಯಿಂದ ಮೇಲೆದ್ದಿದ್ದೆ.

“ಇದು ಎಲ್ಲಿ?”

“ನಮ್ಮ ಬಜಪೆಯೇ ಮಾಂಯ್.”

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. “ಬೇಲಿ ಎಲ್ಲುಂಟು?”

ನಾನು ತೋರಿಸಿದೆ. ಬೇಲಿ ಇರಬೇಕಾದ ಕಡೆ ಹಸಿರು ಬಣ್ಣ ಸರ್ರನೆ ಹಿಂದೆ ಹೋಯಿತು.

“ನಾನು ಅಲ್ಲಿ ನಿಂತದ್ದು ಒಳಗಿದ್ದವರಿಗೆ ಕಾಣ್ತಿತ್ತಾ?”

ಇಷ್ಟು ವರ್ಷ ಅವರು ಈ ಪ್ರಶ್ನೆಯನ್ನು ಒಳಗಿಟ್ಟುಕೊಂಡಿದ್ದರೆಂದು ನನಗೆ ಗೊತ್ತೇ ಇರಲಿಲ್ಲ. ಸುಳ್ಳು ಹೇಳಿ ಸಮಾಧಾನ ಮಾಡುವ ಅಭ್ಯಾಸ ನನಗಿಲ್ಲ, ರೋಗಿಗಳಿಗೂ ಹೇಳುವುದಿಲ್ಲ. ಅಂದು ಮಾತ್ರ ಫೋನನ್ನು ಅವರ ಹತ್ತಿರ ಸರಿಸಿದೆ. ಕರೆಯಲ್ಲಿದ್ದ ನಾದಿನಿಯೇ ಹೇಳಿದಳು: “ಪ್ರತಿ ಸಲ ನೋಡ್ತಿದ್ದೆ ಮಮ್ಮಿ. ಜನ ಕಾಣುವುದಿಲ್ಲ. ತುಂಬ ಬೇಗ ಹೋಗ್ತದೆ. ಬೇಲಿ ಮಾತ್ರ ಕಾಣ್ತದೆ.”

ಮಾಂಯ್ ಕುರ್ಚಿ ಎಳೆದುಕೊಂಡು ಕೂತರು. ಆ ದಿನ ನಮ್ಮ ಇಡೀ ಹಾರಾಟವನ್ನು ಕೊನೆಯವರೆಗೆ ನೋಡಿದರು. ಜಪಮಾಲೆಯೂ ತಡವಾಯಿತು. ಮರುದಿನ ಪೂಜೆ ಮುಗಿಸಿ ಚರ್ಚಿನಿಂದ ಬಂದವರು ಚಪ್ಪಲಿ ಬಿಡುತ್ತಲೇ ಹೇಳಿದರು: “ನನಗೆ ಕಲಿಸು. ಆ ಗುಡ್ಡದ ಮೇಲೆ ನಾನೇ ಇಳಿಸ್ತೇನೆ, ಎಲ್ಲರ ಎದುರಿಗೆ, ಒಂದೇ ಸಲ. ಇಳಿಸಿದ್ರೆ ಮಸ್ಕತ್‌ಗೆ ಹೋಗ್ತೇನೆ. ಇಲ್ಲದಿದ್ರೆ ಈ ಮಾತು ಮತ್ತೆ ಈ ಮನೆಯಲ್ಲಿ ಯಾರೂ ಎತ್ತಬಾರದು.”

ಅವರು ಒಮ್ಮೆ ಹೇಳಿದರೆ ಮುಗಿಯಿತು. ನನ್ನ ಗಂಡ ತಲೆಯ ಮೇಲೆ ಕೈಹೊತ್ತರು. ನಾದಿನಿ ಫೋನಿನಲ್ಲಿ ಅತ್ತಳು. “ಮಮ್ಮಿಗೆ ವಿಮಾನ ತಿರುಗಿಸುವ ಸ್ಟಿಕ್ ಹಿಡೀಲಿಕ್ಕೂ ಗೊತ್ತಿಲ್ಲ ಅತ್ತಿಗೆ, ನನ್ನ ಮಗಳ ಹಬ್ಬಕ್ಕೆ ಅಜ್ಜಿ ಇಲ್ಲ ಅಂತಾಯ್ತು” ಎಂದಳು. ನನಗೆ ರೇಗಿತು. “ಕಲಿಸುವವಳು ಯಾರು ಅಂತ ನೆನಪಿಟ್ಕೋ” ಎಂದು ಫೋನ್ ಇಟ್ಟೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನನ್ನ ಕಾಲ ಬಂದಿತ್ತು. ಇದೇ ಮನೆಯ ಅಡುಗೆಮನೆಯಲ್ಲಿ ಸಾನ್ನಾ ಎಂಬ ನಮ್ಮ ಇಡ್ಲಿಯ ಹಿಟ್ಟು ಉಬ್ಬಲಿಲ್ಲವೆಂದು ನಾನು ಅವರಿಂದ ಅನ್ನಿಸಿಕೊಂಡದ್ದು ಮರೆತಿರಲಿಲ್ಲ. ಡ್ಯೂಟಿ ಮುಗಿಸಿ ಬಂದು ಸಂಜೆಯ ಹೊತ್ತು ಪಾಠ. “ಮೂಗು ಎತ್ತಿದ್ದು ಸಾಕು ಮಾಂಯ್, ವಿಮಾನದ್ದು ಹೇಳಿದ್ದು” ಎಂದರೆ ಅವರಿಗೆ ನಗು. “ವೇಗ ನೋಡಿ, ವೇಗ! ಮೀನಿನವಳ ಬುಟ್ಟಿ ನೋಡುವಾಗ ಕಣ್ಣು ಎಷ್ಟು ಚುರುಕಿರ್ತದೆ!” ಎಂದರೆ ಸ್ವಲ್ಪ ಸಿಟ್ಟು. ಮೊದಮೊದಲು ವಿಮಾನ ತಣ್ಣೀರುಬಾವಿಯ ಕಡಲಿಗೂ ಬಿತ್ತು, ಕೂಳೂರಿನ ಹೊಳೆಗೂ ಬಿತ್ತು. ಒಮ್ಮೆ ನಮ್ಮ ಚರ್ಚಿನ ಮೇಲೆಯೇ ಹೋಗಿ ಬೀಳುವುದರಲ್ಲಿತ್ತು. ಮಾಂಯ್ ಕಣ್ಣು ಮುಚ್ಚಿ ಸ್ಟಿಕ್ ಬಿಟ್ಟು ಶಿಲುಬೆಯ ಗುರುತು ಮಾಡಿಕೊಂಡರು.

ಆದರೆ ಅವರ ಕೈ ಹೊಲಿಗೆಯ ಕೈ. ನಮ್ಮ ವಾಳೆಯ, ಅಂದರೆ ಚರ್ಚಿಗೆ ಸೇರಿದ ನಮ್ಮ ಕೇರಿಯ, ಎಷ್ಟೋ ಮದುವಣಗಿತ್ತಿಯರ ಬಿಳಿ ಗೌನು ಹೊಲಿದದ್ದು ಅದೇ ಕೈ. ಜಾರುವ ಬಟ್ಟೆಯನ್ನು ಎಳೆಯಬಾರದು, ಅದರ ಪಾಡಿಗೆ ಬಿಟ್ಟು ಬರೀ ದಾರಿ ತೋರಿಸಬೇಕು ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ವಿಮಾನಕ್ಕೂ ಅದೇ ಬೇಕಾದದ್ದು. ಆ ಕೈಗೆ ನಾನು ಕಲಿಸಿದ್ದು ದೀಪಗಳ ವಿಷಯ. ರನ್‌ವೇಯ ಪಕ್ಕದಲ್ಲಿ ನಾಲ್ಕು ದೀಪಗಳಿವೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿ. ಎಲ್ಲ ಬಿಳಿಯಾದರೆ ತುಂಬ ಮೇಲೆ, ಎಲ್ಲ ಕೆಂಪಾದರೆ ತುಂಬ ಕೆಳಗೆ. ಮಾಂಯ್ ಅದನ್ನು ತೆಂಗಿನಕಾಯಿ ತುರಿಯುವಾಗಲೂ ಹೇಳಿಕೊಳ್ಳುತ್ತಿದ್ದರು: ಎರಡು ಬಿಳಿ, ಎರಡು ಕೆಂಪು.

ಹಬ್ಬ ಹತ್ತಿರವಾಯಿತು, ಟಿಕೆಟ್ ಮಾಡಿಸಲು ಇನ್ನು ತಡಮಾಡುವಂತಿರಲಿಲ್ಲ. ಮಾಂಯ್ ಆ ಶನಿವಾರವೇ ಆಗಲಿ ಎಂದರು. ಬೇಸಿಗೆಯ ಕೊನೆ, ಮಧ್ಯಾಹ್ನವಾದರೆ ಗುಡುಗುವ ದಿನಗಳು. ಕಣ್ಣೂರಿನಿಂದ ಹೊರಟು ಕರಾವಳಿಯ ಗುಂಟ ಮಂಗಳೂರಿಗೆ ಬರುವುದೆಂದು ನಾನು ದಾರಿ ಹಾಕಿದ್ದೆ. ಎಲ್ಲರಿಗೂ ಒಂದೇ ಥರದ ಸಣ್ಣ ವಿಮಾನ. ಮಾಂಯ್ ಹೋಸ್ಟ್‌ನ ಕಂಪ್ಯೂಟರಿನಲ್ಲಿ, ನನ್ನ ಕುರ್ಚಿಯಲ್ಲಿ. ನಾನು ಪಕ್ಕದಲ್ಲಿ, ಏನನ್ನೂ ಮುಟ್ಟುವಂತಿರಲಿಲ್ಲ, ಅದೂ ಅವರದೇ ಷರತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟು ಕೂತೆ. ಗಂಡ ಸೋಫಾದಲ್ಲಿ ಪೇಪರ್ ಹಿಡಿದಿದ್ದರು, ಪುಟ ಮಾತ್ರ ತಿರುವಲಿಲ್ಲ.

ಬರುವ ದಾರಿ ಸುಗಮವಾಗಿತ್ತು. ಕಾಸರಗೋಡು ದಾಟಿತು, ಎಡಕ್ಕೆ ಕಡಲು, ಮುಂದೆ ನೇತ್ರಾವತಿಯ ಬಾಯಿ. ಸಾಹೇಬರು ತಮ್ಮ ಉಳ್ಳಾಲದ ಮೇಲೆ ಬಂದಾಗ, “ಬಾಯಮ್ಮ, ಅದೋ ನಮ್ಮ ಅಂಗಡಿಯ ಮೇಲೆಯೇ ನೀವಿದ್ದೀರಿ, ಒಂದು ಚಾ ಕುಡಿದು ಹೋಗಿ” ಎಂದರು. ಮಾಂಯ್ ನಕ್ಕರು. ನನಗೆ ಸ್ವಲ್ಪ ಧೈರ್ಯ ಬಂತು. ಇನ್ನು ಸಾಲಾಗಿ ಇಳಿಯುವುದೊಂದೇ ಬಾಕಿ.

ಎಡವಟ್ಟಾದದ್ದು ಅಲ್ಲೇ.

“ಬಾಯಮ್ಮ ಮೊದಲು ಇಳೀಲಿ” ಎಂದರು ಸಾಹೇಬರು. “ಹಿರಿಯರನ್ನು ಮೇಲೆ ಬಿಟ್ಟು ನಾನು ಇಳಿದ್ರೆ ನನ್ನ ಉಮ್ಮ ಮನೆಗೆ ಸೇರಿಸ್ಲಿಕ್ಕಿಲ್ಲ.”

“ಅದು ಎಂತ ಮಾತು?” ಎಂದರು ಮಾಂಯ್. “ನೀವು ನಮ್ಮಲ್ಲಿಗೆ ಬಂದವರು. ಬಂದವರು ಮೊದಲು.”

“ಹಾಗಾದ್ರೆ ಡಾಕ್ಟ್ರು ಇಳೀಲಿ.”

“ನಾನಾ? ಸಾಹೇಬ್ರು ನನಗಿಂತ ದೊಡ್ಡವರು ಮಾರಾಯ್ರೆ. ಅವರು ಇಳಿದ ಮೇಲೆ ನಾನು.”

“ಮಮ್ಮಿಗಿಂತ ಮುಂಚೆ ನಾನು ಹೇಗೆ ಇಳಿಯುವುದು?” ಇದು ನಾದಿನಿ.

ಹೀಗೆ ನಾಲ್ಕು ವಿಮಾನಗಳು ಉಳ್ಳಾಲದ ಕಡಲ ಮೇಲೆ ಸುತ್ತು ಹೊಡೆಯತೊಡಗಿದವು. ನೀವು, ಇಲ್ಲ ನೀವು, ಛೆ ಎಂತ ನೀವು! ಮದುವೆಮನೆಯ ಮೊದಲ ಪಂಕ್ತಿಗೆ ಕೂರಲು ಯಾರೂ ಏಳದ ಹಾಗೆ. ಬೇರೆ ಊರಿನವರಾಗಿದ್ದರೆ ನಾ ಮುಂದು ತಾ ಮುಂದು ಎಂದು ಇಳಿದುಬಿಡುತ್ತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಗುಡುಗಿತು. ನಿಜವಾದ ಗುಡುಗು, ಕಿಟಕಿಯ ಹೊರಗಿನದು. ಕರೆಂಟ್ ಹೋಯಿತು.

ಫ್ಯಾನು, ಲೈಟು ಇನ್ವರ್ಟರಿನಲ್ಲಿ ನಡೆಯುತ್ತವೆ. ಕಂಪ್ಯೂಟರಿಗೂ ರೂಟರಿಗೂ ಇರುವುದು ಮೇಜಿನ ಕೆಳಗಿನ ಒಂದು ಸಣ್ಣ ಯುಪಿಎಸ್. ಅದು ಬೀಪ್ ಎಂದು ಕೂಗತೊಡಗಿತು. ಎಲ್ಲವನ್ನೂ ಉಳಿಸಿ ಮುಚ್ಚಿಡಲು ಸಾಕಾಗುವಷ್ಟು ಹೊತ್ತು ಮಾತ್ರ ಅದು ತಡೆಯುತ್ತದೆ. ನಾಲ್ಕು ವಿಮಾನ ಇಳಿಸುವಷ್ಟು ಹೊತ್ತಲ್ಲ. ಅದು ನಿಂತರೆ ಎಲ್ಲರ ಆಕಾಶವೂ ಹೋಗುತ್ತದೆ, ಮಾಂಯ್ ಹೇಳಿದ ಆ ಒಂದೇ ಸಲವೂ ಹೋಗುತ್ತದೆ. ಅವರ ಮಾತು ಗೊತ್ತಲ್ಲ, ಮತ್ತೆ ಎತ್ತುವಂತಿಲ್ಲ.

“ಮಾಂಯ್, ನೀವು ಈಗಲೇ ಇಳೀರಿ. ಹೋಸ್ಟ್ ನಾನು, ನಾನು ಹೇಳ್ತಿದ್ದೇನೆ.”

“ನಿಯಮ ಮಾಡಿದವಳೂ ನೀನೇ” ಎಂದರು ಅವರು, ಪರದೆಯಿಂದ ಕಣ್ಣು ತೆಗೆಯದೆ. “ಬಂದವರು ಮೊದಲು.”

ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಆದರೆ ವಾದ ಮಾಡುತ್ತಾ ಕೂತರೆ ರೋಗಿ ಉಳಿಯುವುದಿಲ್ಲವೆಂದು ನನ್ನ ಕೆಲಸ ನನಗೆ ಕಲಿಸಿದೆ. ಫೋನಿನ ಹತ್ತಿರ ಬಾಯಿ ಇಟ್ಟು ವಾರ್ಡಿನ ಸ್ವರ ತೆಗೆದೆ. “ಯಾರಿಗೂ ಮರ್ಯಾದೆಯ ಮಾತು ಬೇಡ! ನಮ್ಮಲ್ಲಿ ಕರೆಂಟ್ ಇಲ್ಲ. ಸಾಹೇಬ್ರೆ, ನೀವು ಈಗ ಇಳೀರಿ. ಡಾಕ್ಟ್ರೆ, ಅವರ ಹಿಂದೆಯೇ. ಮಸ್ಕತ್‌ನವಳೇ, ಆಮೇಲೆ ನೀನು. ಇಳಿದವರು ರನ್‌ವೇ ಬಿಟ್ಟು ಪಕ್ಕದಲ್ಲಿ ನಿಲ್ಲಿ. ಒಬ್ಬರೂ ಉಸಿರೆತ್ತಬಾರದು.”

ಇಳಿದರು. ಸಾಹೇಬರು ಅಂದಿನಷ್ಟು ಚೆನ್ನಾಗಿ ಯಾವತ್ತೂ ಇಳಿಸಿದ್ದಿಲ್ಲ. ಡಾಕ್ಟರು ಒಂದು ಸಲ ಪುಟಿದು ನಿಂತರು. ನಾದಿನಿ ಹೇಗೆ ಇಳಿದಳೋ ನಾನು ನೋಡಲಿಲ್ಲ, ನನ್ನ ಕಿವಿ ಮೇಜಿನ ಕೆಳಗಿತ್ತು. ಬೀಪ್ ಬೀಪ್ ನಡುವಿನ ಬಿಡುವು ಕಡಿಮೆಯಾಗುತ್ತಾ ಬಂತು.

ಮಾಂಯ್ ಕಡಲಿನಿಂದ ತಿರುಗಿಸಿದರು. ತಣ್ಣೀರುಬಾವಿಯ ಮರಳು, ಹೊಳೆ, ಹೆಂಚಿನ ಮನೆಗಳು. ಮುಂದೆ ಗುಡ್ಡ ಎದ್ದಿತು. “ಎರಡು ಬಿಳಿ, ಎರಡು ಕೆಂಪು” ಎಂದು ಅವರ ತುಟಿ ಆಡುತ್ತಿತ್ತು. ಒಂದು ಬಿಳಿ ಕೆಂಪಾಯಿತು. ನಾನು ಹೇಳಬೇಕೆನ್ನುವಷ್ಟರಲ್ಲಿ ಅವರೇ ಎಂಜಿನ್ನಿಗೆ ಒಂಚೂರು ಜೋರು ಕೊಟ್ಟರು. ಗುಡ್ಡದ ಅಂಚು ಕೆಳಗೆ ಸರಿಯಿತು. ಚಕ್ರ ಮುಟ್ಟಿತು, ಎದ್ದಿತು, ಮತ್ತೆ ಮುಟ್ಟಿತು, ಓಡಿತು. ಅವರು ಎಳೆಯಲಿಲ್ಲ, ದಾರಿ ತೋರಿಸಿದರು ಅಷ್ಟೇ. ವಿಮಾನ ನಿಂತಿತು. ನಿಂತಿತೆಂದು ನಾನು ಅಂದುಕೊಳ್ಳುವಷ್ಟರಲ್ಲಿ ಪರದೆ ಕಪ್ಪಾಯಿತು.

ಮಾಂಯ್ ಸ್ಟಿಕ್ ಬಿಡದೆ ಕಪ್ಪು ಪರದೆಯನ್ನೇ ನೋಡುತ್ತಿದ್ದರು. “ನಿಂತಿತ್ತಾ?” ಎಂದು ಕೇಳಿದರು. ನನಗೆ ಖಾತ್ರಿಯಿರಲಿಲ್ಲ. ನನ್ನ ಗಂಡ ಪೇಪರ್ ಕೆಳಗಿಟ್ಟಿದ್ದರು. ನಿಂತಿರದಿದ್ದರೆ ಆ ಅಂಚಿನಾಚೆ ಕಣಿವೆ.

ಮೊಬೈಲಿನ ಕರೆ ಇನ್ನೂ ಇತ್ತು. ಮೊದಲು ಮಾತಾಡಿದ್ದು ಸಾಹೇಬರು: “ನಿಂತಿತ್ತು ಬಾಯಮ್ಮ. ನಾನು ಪಕ್ಕದಲ್ಲೇ ನಿಂತು ನೋಡ್ತಿದ್ದೆ, ಪೂರಾ ನಿಂತಿತ್ತು.” ಡಾಕ್ಟರು ಹೌದು ಹೌದು ಎಂದರು. ಆಮೇಲೆ ನಾದಿನಿಯ ಸ್ವರ, ಅಳುವೋ ನಗುವೋ ತಿಳಿಯದಂಥದ್ದು. “ನಾವು ಮೂರೂ ಜನ ಕೆಳಗೆ ನಿಂತು ನೋಡಿದ್ದು ಮಮ್ಮಿ. ಕಡಲಿನ ಕಡೆಯಿಂದ ನೀವು ಬಂದದ್ದು, ಇಳಿದದ್ದು, ನಿಂತದ್ದು, ಎಲ್ಲ ನನಗೆ ಕಾಣಿಸ್ತು.”

ಆಗ ನನಗೆ ಹೊಳೆಯಿತು. ಅವರು ಮೊದಲು ಇಳಿದಿದ್ದರೆ ಅವರನ್ನು ನೆಲದಿಂದ ನೋಡಲು ಅಲ್ಲಿ ಯಾರೂ ಇರುತ್ತಿರಲಿಲ್ಲ. ಮಾಂಯ್ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ನೀವು ಮೂವರು ನೋಡಿದ್ದೀರಲ್ಲ, ಸಾಕು” ಎಂದು ಎದ್ದರು. “ಟಿಕೆಟ್ ಮಾಡಿಸು” ಎಂದು ಮಗನಿಗೆ ಹೇಳಿದರು. “ಕಿಟಕಿಯ ಪಕ್ಕದ್ದು.” ಆಮೇಲೆ ಮೇಣದ ಬತ್ತಿ ಹಚ್ಚಿ ಜಪಮಾಲೆಗೆ ಮೊಣಕಾಲೂರಿದರು. ನಾನು ಹಿಂದೆ ಮೊಣಕಾಲೂರಿ ಪ್ರಾರ್ಥನೆಯ ಬದಲು ಹೆಮ್ಮೆಪಟ್ಟೆ. ದೇವರು ಕ್ಷಮಿಸಿರಬೇಕು, ಆತನೂ ಮೇಲಿನಿಂದ ನೋಡಿದ್ದಾನಲ್ಲ.

ಹೊರಡುವ ದಿನ ಜೀಪು ತುಂಬ ಜನ. ಸೂಟ್‌ಕೇಸಿನಲ್ಲಿ ಕುಚ್ಚಲಕ್ಕಿ, ಬಫಾತ್ ಮಸಾಲೆ ಪುಡಿ, ಹಲಸಿನ ಹಪ್ಪಳ, ಮೊಮ್ಮಗಳಿಗೆ ಅವರೇ ಹೊಲಿದ ಬಿಳಿ ಗೌನು. ಸಾಹೇಬರು ಅಂಗಡಿ ಬಿಟ್ಟು ಬಂದಿದ್ದರು, ಒಂದು ಸಣ್ಣ ಸ್ಟೀಲಿನ ಡಬ್ಬಿ ತಂದುಕೊಟ್ಟರು. ನನ್ನ ಗಂಡ ಪಾಸ್‌ಪೋರ್ಟನ್ನು ಮತ್ತೆ ಮತ್ತೆ ತೆಗೆದು ನೋಡುತ್ತಿದ್ದರು. ಬಾಗಿಲ ಬಳಿ ಬಂದಾಗ ನಾವೆಲ್ಲ ಅಭ್ಯಾಸದ ಮೇಲೆ ಒಂದು ಕ್ಷಣ ಅವರತ್ತ ತಲೆ ತಗ್ಗಿಸಿದೆವು. ಮಾಂಯ್ ಬೇಡವೆಂದು ತಲೆಯಾಡಿಸಿದರು.

“ಹೊರಡುವವರು ಕೇಳುವುದು, ನಿಲ್ಲುವವರು ಕೊಡುವುದು” ಎಂದರು. ಆಮೇಲೆ ನನ್ನ ಎದುರು ಬಂದು ನಿಂತರು. ಮಗನ ಎದುರಲ್ಲ, ನನ್ನ ಎದುರು. ಕೈ ಜೋಡಿಸಿದರು, ಬಿಳಿಗೂದಲಿನ ತಲೆ ತಗ್ಗಿಸಿದರು. “ಬೆಸಾಂವ್ ಕೊಡು ಬಾಯೆ.”

ಹಿರಿಯರಿಗೆ ಕಿರಿಯರು ಬೆಸಾಂವ್ ಕೊಡುವುದನ್ನು ನಾನು ಕಂಡಿಲ್ಲ, ಕೇಳಿಲ್ಲ. ಇಲ್ಲ ಎನ್ನುವಂತೆಯೂ ಇರಲಿಲ್ಲ. ಹಿಂದೆ ಟ್ರಾಲಿಗಳ ಸಾಲು ನಿಂತಿತ್ತು. ನನ್ನ ಹೆಬ್ಬೆರಳು ಅವರ ಹಣೆ ಮುಟ್ಟಿತು. “ದೇವ್ ಬರೆಂ ಕರುಂ” ಎಂದೆ. ವಾರ್ಡಿನ ಸ್ವರ ಬರಲಿಲ್ಲ. ನನ್ನ ಜೀವನದಲ್ಲಿ ನನಗೆ ಸಿಕ್ಕ ಗೌರವಗಳಲ್ಲಿ ಅದಕ್ಕಿಂತ ದೊಡ್ಡದು ಬೇರೆ ಇಲ್ಲ. ಅವರು ಬ್ಯಾಗನ್ನು ಹೆಗಲಿಗೇರಿಸಿ, ತಿರುಗಿ ನೋಡದೆ ಒಳಗೆ ನಡೆದರು.

ನಾವು ರಸ್ತೆಯ ತಿರುವಿನ ಆ ಜಾಗಕ್ಕೆ ಹೋಗಿ ಬೇಲಿಯ ಹತ್ತಿರ ನಿಂತೆವು. ವಿಮಾನ ಎದ್ದಿತು. ಒಳಗಿನವರಿಗೆ ಕಾಣುವುದಿಲ್ಲವೆಂದು ಚೆನ್ನಾಗಿ ಗೊತ್ತಿದ್ದೂ ಅದು ಗುಡ್ಡದಾಚೆ ಮರೆಯಾಗುವವರೆಗೆ ನಾನು ಕೈ ಬೀಸಿದೆ.

ಮಸ್ಕತ್ ಮುಟ್ಟಿದ ಮೇಲೆ ಅವರ ಫೋನ್ ಬಂತು. ಸುತ್ತ ಮಕ್ಕಳ ಗದ್ದಲ. “ಪೈಲಟ್ ಪರವಾಗಿಲ್ಲ” ಎಂದರು ಮಾಂಯ್. “ಇಳಿಸುವಾಗ ಸ್ವಲ್ಪ ಎಳೆದ. ಎಳೀಬಾರ್ದಿತ್ತು.” ನಾನು ನಕ್ಕೆ.

“ಏಳುವಾಗ ಕಿಟಕಿಯಿಂದ ನೋಡಿದೆ. ಬೇಲಿ ಕಾಣಿಸ್ತು. ನೀನು ಕಾಣ್ಲಿಲ್ಲ” ಎಂದರು. “ಆದ್ರೂ ನಾನು ಕೈ ಬೀಸಿದೆ ಬಾಯೆ.”